ಪರದೆಯೊಳಗಿನ ಮಿಸ್ತ್ರಿ

ತಿಕೋಟಾ
ತಾ. ೨೦ ನವೆಂಬರ್ ೧೯೪೯, ರವಿವಾರ

ಮನೆಯವರಿಗೆ ಜುಲೇಖಾಳ ಸಲಾಮು.

ನಾನು ಕ್ಷೇಮ. ಮೊಣಕಾಲು ನೋವೊಂದನ್ನು ಬಿಟ್ಟರೆ ನಿಮ್ಮ ಅಮ್ಮನೂ ಕ್ಷೇಮ. ಸೊಲ್ಲಾಪುರದಲ್ಲಿ ನೀವೂ ಚೆನ್ನಾಗಿದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ. ವಿಳಾಸ ಬಸ್ಸಿನವರಿಂದ ತಿಳಿಯಿತು. ಮನೆಯಲ್ಲಿ ನಾವು ಆಡುವ ಮಾತು ಬೇರೆ, ಬರೆಯಲು ನಮ್ಮಿಬ್ಬರಿಗೂ ಬರುವುದು ಸಾಲೆಯಲ್ಲಿ ಕಲಿತ ಕನ್ನಡ ಒಂದೇ. ಹಾಗಾಗಿ ಗಂಡನಿಗೆ ಬರೆಯುವ ಪತ್ರವನ್ನು ಮಾಮಲೇದಾರರಿಗೆ ಅರ್ಜಿ ಬರೆದಂತೆ ಬರೆದಿದ್ದಾಳೆ ಎಂದು ನಗಬೇಡಿ. ಅಥವಾ ನಗಿ. ನೀವು ನಕ್ಕದ್ದನ್ನು ಕೇಳಿ ಹನ್ನೊಂದು ತಿಂಗಳಾಯಿತು.

ಬಬಲೇಶ್ವರದ ಬಸಗೊಂಡಪ್ಪ ಗೌಡರ ಜೀಪಿನ ವಿಷಯ ಬರೆಯಬೇಕಾಗಿದೆ. ಅದೇ ಜೀಪು. ಹೆಸರು ಕಂಡ ಕೂಡಲೇ ಕಾಗದ ಹರಿದು ಹಾಕಬೇಡಿ, ನಿಮ್ಮ ಕೈ ಎಷ್ಟು ಚುರುಕು ಎಂದು ನನಗೆ ಗೊತ್ತು. ಕೊನೆಯವರೆಗೆ ಓದಿ, ಆಮೇಲೆ ಏನು ಬೇಕಾದರೂ ಮಾಡಿ.

ಅದಕ್ಕೂ ಮೊದಲು ಒಂದು ಮಾತು ಒಪ್ಪಿಕೊಳ್ಳಬೇಕು. ಕಳೆದ ವಾರದವರೆಗೆ, ಈ ಊರಿನವರ ಪಾಲಿಗೆ ನೀವು ತಿಕೋಟಾ ಬಿಟ್ಟು ಹೋಗಿಯೇ ಇರಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ, ತಾಡಪತ್ರಿಯ ಪರದೆಯ ಆಚೆ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದಿರಿ.

ಆದದ್ದು ಹೀಗೆ. ಸಾಮಾನು ತರುತ್ತೇನೆಂದು ನೀವು ಸೊಲ್ಲಾಪುರದ ಬಸ್ಸು ಹತ್ತಿದಿರಿ. ಕೇಳಿದವರಿಗೆಲ್ಲ ನಾನೂ ಅದನ್ನೇ ಹೇಳಿದೆ. ಒಂದು ವಾರ ನಡೆಯಿತು. ಎರಡನೆಯ ವಾರ ಅಥಣಿ ಬಸ್ಸಿನ ಡ್ರೈವರ ಸೋರುವ ಪೆಟ್ರೋಲ್ ಪಂಪು ಹಿಡಿದುಕೊಂಡು ಬಂದು ಮಿಸ್ತ್ರಿ ಬಂದರೇ ಎಂದು ಕೇಳಿದ. ಇಲ್ಲ ಎಂದಿದ್ದರೆ ಅವನು ವಿಜಾಪುರಕ್ಕೆ ಹೋಗುತ್ತಿದ್ದ, ಮರುದಿನ ಇನ್ನೊಬ್ಬನೂ ಹೋಗುತ್ತಿದ್ದ, ನಮ್ಮ ಅಂಗಡಿಯ ಕದ ಮುಚ್ಚುತ್ತಿತ್ತು. ನೀವು ಬಂದಿದ್ದೀರಿ, ಕಣ್ಣು ಬೇನೆಯಾಗಿದೆ, ಬೆಳಕು ತಡೆಯುವುದಿಲ್ಲ, ಒಳಗೇ ಕೂತು ಕೆಲಸ ಮಾಡುತ್ತೀರಿ ಎಂದುಬಿಟ್ಟೆ. ಅವನು ಪಂಪು ಕೊಟ್ಟು ಚಹಾ ಕುಡಿಯಲು ಹೋದ. ನಾನು ಒಳಗೆ ಹೋಗಿ ಅದನ್ನು ಬಿಚ್ಚಿದೆ. ಎರಡೂವರೆ ವರ್ಷ ನಿಮ್ಮ ಪಕ್ಕದಲ್ಲಿ ಕಂದೀಲು ಹಿಡಿದು, ಕೇಳುವ ಮೊದಲೇ ಬೋಲ್ಟು ತಿರುವಲು ಬೇಕಾದ ಪಾನಾ ಕೈಗಿಟ್ಟವಳಿಗೆ ಒಂದು ಪಂಪು ಏನು ಮಹಾ.

ಅಲ್ಲಿಂದ ಅದೇ ನಡೆದುಬಂತು. ಪಂಪು, ಸ್ಟೋವು, ಗ್ಯಾಸಿನ ಬತ್ತಿ, ಹೊಲಿಗೆ ಯಂತ್ರ, ಎತ್ತಿ ಒಳಗೆ ಒಯ್ಯಬಹುದಾದ್ದೆಲ್ಲ ಬಂತು. ನಿಮ್ಮ ಅಮ್ಮ ಮೊದಲು ಒಪ್ಪಲಿಲ್ಲ, ಈ ಸುಗರಾಬಿಯ ಬಾಯಲ್ಲಿ ಇಂದಿನವರೆಗೆ ಸುಳ್ಳು ಬಂದಿಲ್ಲ ಎಂದು ತಮ್ಮ ಹೆಸರು ಹಿಡಿದೇ ಹೇಳಿದರು. ಬಾಯಲ್ಲಿ ಏನೂ ಹೇಳಬೇಡಿ, ಕೆಮ್ಮಿದರೆ ಸಾಕು ಎಂದೆ. ಆಮೇಲೆ ನೋಡಬೇಕಿತ್ತು ನೀವು. ಗಿರಾಕಿ ಬಂದು ನಿಂತರೆ ಸಾಕು, ಪರದೆಯ ಆಚೆಯಿಂದ ಥೇಟ್ ನಿಮ್ಮ ಹಾಗೆ, ಎರಡು ಸಲ ಸಣ್ಣದಾಗಿ, ಒಂದು ಸಲ ದೊಡ್ಡದಾಗಿ ಕೆಮ್ಮುತ್ತಿದ್ದರು. ನಿಮ್ಮ ಕಣ್ಣಿಗೆಂದು ಊರವರು ತಂದುಕೊಟ್ಟ ಗುಲಾಬಿ ನೀರು ನಾಲ್ಕು ಶೀಸೆ ಇದೆ. ಇಡೀ ಜಿಲ್ಲೆಯಲ್ಲಿ ಪರದೆಯೊಳಗೆ ಇರುವ ಗಂಡಸು ನೀವೊಬ್ಬರೇ ಎಂದು ನಾನೂ ಅಮ್ಮನೂ ಎಷ್ಟೋ ಸಲ ನಕ್ಕಿದ್ದೇವೆ.

ಈ ತಿಂಗಳ ಮೊದಲ ವಾರ ಗೌಡರು ಜೀಪು ತಂದರು. ತಂದರು ಎಂದರೆ, ಎರಡು ಎತ್ತು ಕಟ್ಟಿ ಬಬಲೇಶ್ವರದಿಂದ ಎಳೆಸಿಕೊಂಡು ಬಂದರು. ಹೋದ ವರ್ಷ ನಮ್ಮ ಅಂಗಡಿಯ ಮುಂದಿನಿಂದ ಸಿಟ್ಟಿನಲ್ಲಿ ಎಳೆಸಿಕೊಂಡು ಹೋದವರು ಅದನ್ನು ಕೊಟ್ಟಿಗೆಯಲ್ಲಿ ಜೋಳದ ಕಣಕಿಯ ಮರೆಗೆ ನಿಲ್ಲಿಸಿದ್ದರಂತೆ, ಯಾರೂ ಮುಟ್ಟಿರಲಿಲ್ಲ. ವಿಜಾಪುರದಲ್ಲಿ ಇಬ್ಬರು ಮಿಸ್ತ್ರಿಗಳು ಮಿಲಿಟರಿ ಹರಾಜಿನ ಗಾಡಿ ಎಂದು ಕೇಳಿದ ಕೂಡಲೇ ಕೈಯೆತ್ತಿದರಂತೆ. ಈ ಜಾತಿಯ ಗಾಡಿ ಬಿಚ್ಚಿ ಬಲ್ಲವರು ಸುತ್ತಲಲ್ಲಿ ನೀವೊಬ್ಬರೇ ಎಂದು ಗೌಡರಿಗೆ ಗೊತ್ತು, ಒಪ್ಪಿಕೊಳ್ಳಲು ಒಂದು ವರ್ಷ ಬೇಕಾಯಿತು. ಯಾಕೂಬನಿಗೆ ಹೇಳು, ಈ ಸಲ ಕಣ್ಣಿಲ್ಲದಿದ್ದರೂ ನೆಟ್ಟಗೆ ಮಾಡಲಿ ಎಂದರು. ಅಮ್ಮ ಒಳಗಿನಿಂದ ಕೆಮ್ಮಿದರು.

ನೀವು ಆ ದಿನವನ್ನು ಮರೆತಿರಲಾರಿರಿ. ನಾನಂತೂ ಮರೆತಿಲ್ಲ. ಎಳ್ಳ ಅಮಾವಾಸ್ಯೆಗೆ ಹದಿನೈದು ದಿನ ಮೊದಲು ನೀವು ಆ ಜೀಪಿನ ಎಣ್ಣೆ ಸೋರುವುದನ್ನು ನಿಲ್ಲಿಸಿದ್ದಿರಿ. ಗೇರು ಪೆಟ್ಟಿಗೆಯ ಬೆನ್ನಿಗೆ ನಾಲ್ಕೂ ಗಾಲಿಗೆ ಬಲ ಹಂಚುವ ಇನ್ನೊಂದು ಪೆಟ್ಟಿಗೆ ಇದೆಯಲ್ಲ, ಒಂದರ ಎಣ್ಣೆ ಇನ್ನೊಂದಕ್ಕೆ ದಾಟದಂತೆ ನಡುವೆ ಹೊಸ ತೊಗಲಿನ ಬಳೆ ಕೂರಿಸಿದಿರಿ. ಗೌಡರು ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹಬ್ಬದ ಊಟಕ್ಕೆ ಹೊಲಕ್ಕೆ ಹೋದರು. ಘೋಣಸಗಿ ಹಳ್ಳದ ಏರಿನಲ್ಲಿ ಎರಡನೆಯ ಗೇರು ಜಿಗಿದು ಹೊರಬಂತು. ಕೈ ಬ್ರೇಕು ಎಳೆದರೆ ಅದು ಎಣ್ಣೆಯಲ್ಲಿ ತೊಯ್ದು ಹಿಡಿಯಲಿಲ್ಲ. ಜೀಪು ಹಿಂದಕ್ಕೆ ಉರುಳಿ ಹಿಂದೆ ಬರುತ್ತಿದ್ದ ಬಂಡಿಯನ್ನು ಮುರಿಯಿತು. ಮಕ್ಕಳು ಉಳಿದದ್ದು ದೇವರ ದಯೆ.

ಮರುದಿನ ಗೌಡರು ನಮ್ಮ ಅಂಗಡಿಯ ಮುಂದೆ ನಿಂತು ಕೇಳಿದಾಗ ಹತ್ತು ಹನ್ನೆರಡು ಜನ ಇದ್ದರು. ನೀವು ಹೇಳಿದ್ದು ಒಂದೇ ಮಾತು: ನನ್ನ ಕೆಲಸ ಸರಿ ಇದೆ, ಬೇರೆ ಯಾರೋ ಎಣ್ಣೆಯಲ್ಲಿ ಕೈಯಾಡಿಸಿದ್ದಾರೆ, ಬಿಚ್ಚಿ ತೋರಿಸುತ್ತೇನೆ. ಗೌಡರ ಡ್ರೈವರ ಶಿವಯೋಗೆಪ್ಪ ಆಣೆ ಮಾಡಿ ನಾನು ಮುಟ್ಟಿಲ್ಲ ಎಂದ. ಆಗ ಬಾಗಿಲಲ್ಲಿ ನಿಂತಿದ್ದ ನಾನು, ಯಾರೂ ಕೇಳದೆ, ಬಾಯಿ ತೆರೆದೆ.

"ಬಳಿ ಉಲ್ಟಾ ಕುಂತೈತ್ರಿ. ದೀಪ ಹಿಡದಾಕಿ ನಾನ, ಕಣ್ಣಾರೆ ಕಂಡೇನಿ."

ಜನ ನಕ್ಕರು. ಹೆಂಡತಿಗೆ ತಿಳಿದದ್ದು ಮಿಸ್ತ್ರಿಗೆ ತಿಳಿಯಲಿಲ್ಲ ಎಂದು ಗೌಡರೂ ನಕ್ಕರು. ನೀವು ನನ್ನ ಕಡೆ ನೋಡಿದಿರಿ. ಕೈ ಒರೆಸಿಕೊಂಡು ಒಳಗೆ ಹೋದಿರಿ. ಬೈದಿದ್ದರೆ ನಾನೂ ಬೈಯುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಮೂರನೆಯ ದಿನ ನೀವು ಬಸ್ಸು ಹತ್ತಿದಿರಿ.

ನನಗೆ ಆಗ ಪಶ್ಚಾತ್ತಾಪ ಆಗಲಿಲ್ಲ ಎಂಬುದನ್ನೂ ಬರೆದುಬಿಡುತ್ತೇನೆ. ಕಂಡದ್ದನ್ನು ಹೇಳಿದ್ದೇನೆ, ಮಕ್ಕಳು ಸಾಯುವುದರಲ್ಲಿದ್ದವು, ಗಂಡನೆಂದು ಮುಚ್ಚಿಡಲೇ ಎಂದುಕೊಂಡೆ. ಇಷ್ಟು ದಿನ ನನ್ನನ್ನು ನಿಲ್ಲಿಸಿದ್ದು ಆ ಜಂಬವೇ. ಒಬ್ಬಳೇ ರೊಟ್ಟಿ ಬಡಿಯುವಾಗ, ಒಬ್ಬಳೇ ಪಾನಾ ತಿರುವುವಾಗ, ನಾನು ಸುಳ್ಳು ಹೇಳಿಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದು ಬಿಟ್ಟರೆ ಮಾತಾಡಿಸಲು ಮನೆಯಲ್ಲಿ ಇನ್ನೇನಿತ್ತು.

ಜೀಪು ಒಳಗೆ ಒಯ್ಯುವಂಥದ್ದಲ್ಲ. ಅಂಗಡಿಯ ಛಪ್ಪರದಲ್ಲಿ ನಿಲ್ಲಿಸಿ ನಾಲ್ಕೂ ಕಡೆ ತಾಡಪತ್ರಿ ಇಳಿಬಿಟ್ಟೆವು. ಜಾಕು ಕೊಟ್ಟು ಎತ್ತಿ ಕೆಳಗೆ ಕಲ್ಲು ಇಟ್ಟೆ. ಹಿಂದಿನ ಪೆಟ್ಟಿಗೆ ಎಷ್ಟು ಭಾರ ಎಂದು ನಿಮಗೆ ಗೊತ್ತು. ತೊಲೆಗೆ ಹಗ್ಗ ಹಾಕಿ ಒಂದು ತುದಿ ಅಮ್ಮನ ಕೈಗೆ ಕೊಟ್ಟೆ, ಸ್ವಲ್ಪ ಸ್ವಲ್ಪವಾಗಿ ಬಿಡಿ ಎಂದೆ. ಗಿರಾಕಿ ಬಂದರೆ ಹಗ್ಗ ಹಿಡಿದುಕೊಂಡೇ ಕೆಮ್ಮುತ್ತಿದ್ದರು. ಬೋಲ್ಟುಗಳ ತಲೆಗೆ ನೀವು ಮಿಲಿಟರಿಯಲ್ಲಿ ಕಲಿತ ಹಾಗೆ ಸುತ್ತಿದ್ದ ತಂತಿ ಒಂದೂ ಕಡಿದಿರಲಿಲ್ಲ. ನಿಮ್ಮ ನಂತರ ಅದನ್ನು ಯಾರೂ ಬಿಚ್ಚಿಲ್ಲ ಎಂದು ಆಗಲೇ ತಿಳಿಯಿತು. ಆ ತಂತಿ ಕತ್ತರಿಸಲು ಮನಸ್ಸು ಬರಲಿಲ್ಲ. ಸ್ವಲ್ಪ ಹೊತ್ತು ಹಾಗೇ ಮಲಗಿದ್ದು ಆಮೇಲೆ ಕತ್ತರಿಸಿದೆ.

ಪೆಟ್ಟಿಗೆ ಇಳಿಯಿತು. ಬಳೆ ಕಾಣಿಸಿತು. ಎಣ್ಣೆ ತಡೆಯುವ ಅದರ ತುಟಿ, ಇರಬೇಕಾದ ಹಾಗೆಯೇ, ಗೇರು ಪೆಟ್ಟಿಗೆಯ ಎಣ್ಣೆಯ ಕಡೆಗಿತ್ತು.

ಮೊದಲು ನನ್ನ ಕಣ್ಣೇ ತಪ್ಪಿತು ಎಂದುಕೊಂಡೆ. ಎದ್ದು ಹೊರಗೆ ಬಂದು ನೀರು ಕುಡಿದು, ಮತ್ತೆ ಕೆಳಗೆ ಮಲಗಿ ಬೆರಳಾಡಿಸಿ ನೋಡಿದೆ. ಸರಿಯಾಗಿಯೇ ಕೂತಿತ್ತು, ಕೂದಲೆಳೆಯಷ್ಟೂ ಓರೆಯಿಲ್ಲದೆ. ಆಗ ಆ ದಿನ ನಾನೆಲ್ಲಿ ಮಲಗಿದ್ದೆ ಎಂದು ನೆನಪಿಗೆ ಬಂತು. ಯಾವಾಗಲೂ ನಿಮ್ಮ ಪಕ್ಕದಲ್ಲೇ ಇದ್ದು ದೀಪ ಹಿಡಿಯುತ್ತಿದ್ದವಳು ಅಂದು, ನಿಮ್ಮ ಬದಿಗೆ ಬಸ್ಸಿನ ಗಾಲಿಗಳನ್ನು ಒಟ್ಟಿದ್ದರಿಂದ, ಎದುರು ಬದಿಯಿಂದ ತೂರಿದ್ದೆ. ನಿಮ್ಮ ಬಲ ನನ್ನ ಎಡ. ಬಳೆಯ ತುಟಿ ಯಾವಾಗಲೂ ಬಲಗೈ ಕಡೆ ಇರುವುದನ್ನು ನೋಡಿದವಳು ಅಂದು ಎಡಗೈ ಕಡೆ ಕಂಡು ಉಲ್ಟಾ ಎಂದುಕೊಂಡೆ. ಇಷ್ಟೇ. ಇಷ್ಟಕ್ಕೆ ನಿಮ್ಮನ್ನು ಹತ್ತು ಜನರ ಮುಂದೆ ತಲೆ ತಗ್ಗಿಸುವಂತೆ ಮಾಡಿದೆ. ಜೀಪಿನ ಕೆಳಗೆ ಮಲಗಿಕೊಂಡೇ ಅತ್ತೆ. ಹೊರಗೆ ನಿಂತ ಯಾರೋ, ಮಿಸ್ತ್ರಿಗೆ ನೆಗಡಿ ಹಿಡಿದಿದೆಯೇ ಎಂದು ಅಮ್ಮನನ್ನು ಕೇಳಿದರು.

ಹಾಗಾದರೆ ಸೋರಿದ್ದು ಹೇಗೆ? ಬೆರಳಿಗೆ ಹತ್ತಿದ ಎಣ್ಣೆ ಎಣ್ಣೆಯ ಹಾಗೆ ಇರಲಿಲ್ಲ, ಗೋಂದಿನ ಹಾಗೆ ಜಿಗಟು. ಮೂಸಿ ನೋಡಿದೆ. ಕೂಸಿನ ಹೊಟ್ಟೆಗೆ ಹಚ್ಚುವ ಔಡಲೆಣ್ಣೆಯ ವಾಸನೆ. ಎರಡು ಜಾತಿಯ ಎಣ್ಣೆ ಕೂಡಿ ಅಂಟಾಗಿ ಬಳೆಯ ತುಟಿಗೆ ಮೆತ್ತಿಕೊಂಡು ಅದನ್ನು ಬಾಯಿ ಬಿಡಿಸಿತ್ತು. ಪೆಟ್ಟಿಗೆ ತುಂಬಿ ತುಳುಕುವಷ್ಟು ಹೊಯ್ದದ್ದರಿಂದ ಹೆಚ್ಚಾದದ್ದು ಹಿಂದಕ್ಕೆ ದಾಟಿ ಬ್ರೇಕಿನ ಮೇಲೆ ಇಳಿದಿತ್ತು. ನೀವು ಅಂದು ಬಾಯಲ್ಲಿ ಹೇಳಿದ್ದೆಲ್ಲ ಅಲ್ಲಿ ಕಣ್ಣೆದುರಿಗಿತ್ತು.

ಶಿವಯೋಗೆಪ್ಪನನ್ನು ಕರೆಸಿ ಪರದೆಯ ಈಚೆಯಿಂದ ಕೇಳಿದೆ. ಆ ಬೆರಳನ್ನು ಅವನ ಮೂಗಿನ ಹತ್ತಿರ ಹಿಡಿದೆ. ಪಾಪ, ಮುದುಕ, ಕೂಡಲೇ ಕೂತುಬಿಟ್ಟ. ಡ್ರೈವರ ಆಗುವ ಮೊದಲು ಅವನು ಗೌಡರ ಬಂಡಿ ಹೊಡೆಯುತ್ತಿದ್ದವನಲ್ಲವೇ. ಎಳ್ಳ ಅಮಾವಾಸ್ಯೆಯ ಹಿಂದಿನ ದಿನ ಬಂಡಿಗಳನ್ನೆಲ್ಲ ತೊಳೆದು ಕೀಲಿಗೆ ಔಡಲೆಣ್ಣೆ ಹಾಕಿದ್ದಾನೆ. ಜೀಪೊಂದು ಬರಿದೇ ನಿಂತದ್ದು ನೋಡಿ ಅವನಿಗೆ ಸಮಾಧಾನವಾಗಿಲ್ಲ.

"ಮೂವತ್ತ ವರ್ಷ ಗಾಡಿ ಹೊಡದೇನವಾ. ಹಬ್ಬದ ಮುಂದ ಎಣ್ಣಿ ಕಾಣಿಸದ ಯಾವ ಗಾಡಿನೂ ಹೊರಗ ತಗದಿಲ್ಲ. ಇದೂ ಗಾಡಿನ ಅಲ್ಲೇನು?"

ಗೌಡರ ಮಕ್ಕಳು ಕೂರುವ ಗಾಡಿ ಎಂದು ಕೈ ಬಿಗಿಹಿಡಿಯದೆ ಹೊಯ್ದಿದ್ದನಂತೆ. ಬಂಡಿ ಮುರಿದ ಮೇಲೆ ಹೆದರಿ ಆಣೆ ಮಾಡಿದನಂತೆ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನು ಪ್ರೀತಿಯಿಂದ ಕೆಡಿಸಿದ. ನಾನು ಏನಕ್ಕಾಗಿ ಕೆಡಿಸಿದೆ?

ನಾಲ್ಕು ದಿನ ಹಿಡಿಯಿತು. ಎರಡೂ ಪೆಟ್ಟಿಗೆಗಳನ್ನು ಚಿಮಣಿ ಎಣ್ಣೆಯಲ್ಲಿ ತೊಳೆದೆ, ಹಲ್ಲು ಹಲ್ಲಿನ ಸಂದಿಯನ್ನೂ ಕಡ್ಡಿಯಿಂದ ಕೆರೆದೆ. ಗೇರು ಜಿಗಿಯುತ್ತಿದ್ದದ್ದು ಅದನ್ನು ಹಿಡಿದಿಡುವ ಸ್ಪ್ರಿಂಗು ಸೋತದ್ದರಿಂದ. ನಿಮ್ಮ ತಗಡಿನ ಡಬ್ಬಿಯಲ್ಲಿ ಸರಿಹೊಂದುವುದು ಸಿಕ್ಕಿತು, ಅದನ್ನು ಹಾಕಿದೆ. ಬ್ರೇಕಿನ ಪಟ್ಟಿಯನ್ನೂ ಹೊಸ ಎಣ್ಣೆಯನ್ನೂ ವಿಜಾಪುರದಿಂದ ತರಿಸಿದೆ. ಬಳೆ ಮಾತ್ರ ಬದಲಿಸಲಿಲ್ಲ. ನೀವು ಕೂರಿಸಿದ್ದನ್ನೇ ತೊಳೆದು, ಬಿಸಿ ಎಣ್ಣೆಯಲ್ಲಿ ನೆನೆಸಿ ಮೆತ್ತಗೆ ಮಾಡಿ, ಅದರ ಜಾಗದಲ್ಲೇ ಇಟ್ಟೆ. ಬೋಲ್ಟಿಗೆ ತಂತಿ ಸುತ್ತುವುದು ಮಾತ್ರ ನಿಮ್ಮಷ್ಟು ಚೆಂದ ಬರಲಿಲ್ಲ.

ಮೊನ್ನೆ ಬುಧವಾರ ಗೌಡರು ಬಂದರು. ಎಂಜಿನ್ನು ಚಾಲು ಮಾಡಿ ಕೇಳಿದರು, ಕೆಳಗೆ ಕಾಗದ ಹಾಸಿ ಒಂದು ಹನಿಯಾದರೂ ಬೀಳುತ್ತದೆಯೇ ಎಂದು ನೋಡಿದರು. ಎಲ್ಲ ಆದ ಮೇಲೆ ಪರದೆಯ ಕಡೆ ತಿರುಗಿ, ಈ ಸಲ ಬಳೆ ನೆಟ್ಟಗೆ ಕೂತಿದೆ ಎಂದು ಯಾಕೂಬ ತನ್ನ ಬಾಯಿಂದಲೇ ಹೇಳಲಿ, ಹೇಳದ ಹೊರತು ಮಕ್ಕಳನ್ನು ಇದರಲ್ಲಿ ಕೂರಿಸುವುದಿಲ್ಲ ಎಂದರು. ಅಮ್ಮ ಕೆಮ್ಮಿದರು. ಕೆಮ್ಮು ಸಾಲದು, ಮಾತು ಬೇಕು ಎಂದರು ಗೌಡರು. ಹೋದ ವರ್ಷ ನಕ್ಕವರಲ್ಲಿ ಏಳೆಂಟು ಜನ ಅಲ್ಲೇ ಚಹಾ ಕುಡಿಯುತ್ತ ನಿಂತಿದ್ದರು.

ನಾನು ಹೊರಗೆ ಬಂದೆ. ಎರಡೂ ಕೈ ಎಣ್ಣೆಯಾಗಿದ್ದವು, ಸೆರಗು ಸರಿಮಾಡಿಕೊಳ್ಳಲೂ ಆಗಲಿಲ್ಲ.

"ಗೌಡ್ರ, ಅವರು ಒಳಗಿಲ್ರಿ. ಹೋಗಿ ಹನ್ನೊಂದ ತಿಂಗಳಾತು. ನಿಮ್ಮ ಗಾಡಿ ಬಿಚ್ಚಿದಾಕಿ ನಾನ, ಕಟ್ಟಿದಾಕಿ ನಾನ. ಹೋದ ವರ್ಷ ಅವರು ಹಾಕಿದ ಬಳಿ ಸರಿ ಇತ್ರಿ. ಈಗೂ ಅದ ಐತಿ. ಉಲ್ಟಾ ಕಂಡಾಕಿ ನಾನು."

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಶಿವಯೋಗೆಪ್ಪ ತಾನಾಗಿಯೇ ಮುಂದೆ ಬಂದು ತನ್ನ ಔಡಲೆಣ್ಣೆಯ ಕಥೆ ಹೇಳಿ ರುಮಾಲು ತೆಗೆದು ನಿಂತ. ಗೌಡರು ಬಹಳ ಹೊತ್ತು ನನ್ನ ಕೈಯನ್ನೇ ನೋಡಿದರು. ಆಮೇಲೆ, ಘೋಣಸಗಿಯ ಆ ಏರಿಗೇ ಹೋಗೋಣ, ಬಾ ಎಂದರು.

ಇಷ್ಟು ಜೀಪು ರಿಪೇರಿಗೆ ದೀಪ ಹಿಡಿದಿದ್ದೇನೆ, ಜೀಪಿನಲ್ಲಿ ಕೂತದ್ದು ಅದೇ ಮೊದಲು. ಎರಡನೆಯ ಗೇರಿಗೆ ಹಾಕಿದಾಗ ನನ್ನ ಕಣ್ಣು ಗೇರಿನ ದಾಂಡಿನ ಮೇಲೆಯೇ ಇತ್ತು. ಜಿಗಿಯಲಿಲ್ಲ. ಅರ್ಧ ಏರು ಹತ್ತಿದ ಮೇಲೆ ಶಿವಯೋಗೆಪ್ಪ ಎಂಜಿನ್ನು ಬಂದ್ ಮಾಡಿ, ಗೇರು ಬಿಡಿಸಿ, ಕೈ ಬ್ರೇಕು ಎಳೆದ. ನಾನು ಇಳಿದು ಜೀಪಿನ ಹಿಂದೆ ಹೋಗಿ ಬೆನ್ನು ಹಚ್ಚಿ ನಿಂತೆ. ಬ್ರೇಕು ಮಾಡಿದವನೇ ಗಾಡಿಯ ಹಿಂದೆ ನಿಲ್ಲಬೇಕು ಎಂಬ ನಿಮ್ಮ ಮಿಲಿಟರಿಯ ಪದ್ಧತಿಯನ್ನು ನೀವು ಹೇಳುತ್ತಿದ್ದಿರಿ. ನಿಂತಾಗ ನನಗೆ ಹೆದರಿಕೆ ಆಗಲಿಲ್ಲ. ನಿಮ್ಮ ಬಳೆಯ ಮೇಲೆ ನನಗೆ ಅಷ್ಟು ನಂಬಿಕೆ ಬಂದಿತ್ತು, ಹನ್ನೊಂದು ತಿಂಗಳು ತಡವಾಗಿ. ಗೌಡರು ಒಂದು ಪೂರ್ತಿ ಬೀಡಿ ಸೇದಿ ಮುಗಿಸುವವರೆಗೂ ಗಾಡಿ ಒಂದು ಬೆರಳಿನಷ್ಟೂ ಸರಿಯಲಿಲ್ಲ. ಬೀಡಿ ಎಸೆದು, "ಯಾಕೂಬನ್ನ ನಾ ನಕ್ಕಿದ್ದು ತಪ್ಪಾತವಾ. ಬಂದ್ರ ಹೇಳು," ಎಂದರು. ಹೇಳಿದ್ದೇನೆ.

ಮನೆಗೆ ಬಂದು ತಾಡಪತ್ರಿ ಬಿಚ್ಚಿ ಮಡಿಸಿ ಇಟ್ಟೆ. ಅಂದಿನಿಂದ ಇವತ್ತಿನವರೆಗೆ ಅಂಗಡಿಗೆ ಯಾರೂ ಬಂದಿಲ್ಲ. ಒಂದು ಸ್ಟೋವು ಕೂಡ ಬಂದಿಲ್ಲ. ಹೆಂಗಸಿನ ಕೈಯ ಕೆಲಸ ಎಂದೋ, ಮೋಸ ಮಾಡಿದೆ ಎಂದೋ, ನನಗೆ ತಿಳಿಯದು. ಅದನ್ನು ತಡೆದುಕೊಳ್ಳಬಹುದು. ತಡೆಯಲಾಗದ್ದು ಬೇರೆ ಇದೆ. ಸುಳ್ಳಿನಲ್ಲಾದರೂ ನೀವು ಒಳಗೆ ಕೂತಿದ್ದಿರಿ. ಜನ ನಿಮ್ಮ ಕಣ್ಣು ಹೇಗಿದೆ ಎಂದು ಕೇಳುತ್ತಿದ್ದರು, ನಾನು ಇವತ್ತು ಕೆಂಪು ಕಡಿಮೆಯಾಗಿದೆ, ರಾತ್ರಿ ಚೆನ್ನಾಗಿ ಉಂಡರು ಎಂದೆಲ್ಲ ಹೇಳುತ್ತಿದ್ದೆ. ಈಗ ಯಾರೂ ಕೇಳುವುದಿಲ್ಲ. ನೀವು ಮನೆ ಬಿಟ್ಟದ್ದು ಈ ಬುಧವಾರ ಎಂದು ನನಗೆ ಅನಿಸುತ್ತಿದೆ.

ಬನ್ನಿ ಎಂದು ಕರೆಯುವ ಬಾಯಿ ನನಗಿಲ್ಲ. ನಿಮ್ಮ ಕೆಲಸದಲ್ಲಿ ತಪ್ಪಿರಲಿಲ್ಲ ಎಂಬುದು ನಿಮಗೆ ತಿಳಿಯಬೇಕಿತ್ತು, ಅದು ನನ್ನ ಕೈಯಿಂದಲೇ ತಿಳಿಯಬೇಕಿತ್ತು. ಸೊಲ್ಲಾಪುರದಲ್ಲಿ ಚಳಿ ಹೆಚ್ಚಿದ್ದರೆ ಎದೆಗೆ ಬಟ್ಟೆ ಸುತ್ತಿಕೊಳ್ಳಿ.

ನಿಮ್ಮ ತಪ್ಪಿತಸ್ಥೆ,
ಜುಲೇಖಾ

ತಾ.ಕ.: ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ವಿಳಾಸ ಕೊಟ್ಟವರು ಬಸ್ಸಿನವರಲ್ಲ. ರಮಜಾನಿನ ನಾಲ್ಕನೆಯ ರೋಜಾ ದಿನ ನಿಮ್ಮ ಪತ್ರ ಬಂದಿತ್ತು. ನನ್ನ ಕೆಲಸ ಸರಿಯಿತ್ತೆಂದು ಗೌಡರ ಮುಂದೆ ಒಂದು ಮಾತು ಹೇಳು, ಅದೇ ದಿನ ಬಸ್ಸು ಹತ್ತುತ್ತೇನೆ ಎಂದು ಬರೆದಿದ್ದಿರಿ. ಕಂಡದ್ದನ್ನು ಕಂಡಿಲ್ಲ ಎನ್ನಲೇ ಎಂದು ಅದನ್ನು ಜೋಳದ ಡಬ್ಬಿಯ ತಳಕ್ಕೆ ಹಾಕಿದೆ, ಅಮ್ಮನಿಗೂ ಹೇಳಲಿಲ್ಲ. ಅಂಚೆಯವನು ಏನಾದರೂ ಕೊಟ್ಟನೇ ಎಂದು ಅವರು ದಿನಾ ಕೇಳುತ್ತಿದ್ದರು, ನಾನು ದಿನಾ ಇಲ್ಲ ಎನ್ನುತ್ತಿದ್ದೆ. ಇವತ್ತು ಬೆಳಿಗ್ಗೆ ತೆಗೆದು ಅವರಿಗೆ ಓದಿ ಹೇಳಿದೆ. ಪೂರ್ತಿ ಕೇಳಿ ಎದ್ದು ಹೋದರು. ಅಂದಿನಿಂದ ಎನ್ನಲು ಇನ್ನೂ ಒಂದು ದಿನವೂ ಆಗಿಲ್ಲ, ಆದರೆ ಅವರು ನನ್ನೊಡನೆ ಮಾತು ಬಿಟ್ಟಿದ್ದಾರೆ. ನನಗಾಗಿ ಬೇಡ, ಅವರಿಗಾಗಿಯಾದರೂ ಬನ್ನಿ.